ಪುಣೆಯ ಚಳಿಯಲ್ಲಿ ಬಾಲ್ಕನಿಯ ಕುಂಡಗಳಿಗೆ ಏನು ಹಾಕಬಹುದು?

ಕೋಥ್ರೂಡಿನ ನಿಮ್ಮ ಬಾಲ್ಕನಿಯಲ್ಲಿ ಡಿಸೆಂಬರ್ ಚಳಿಗೆ ಟೊಮೆಟೊ ಹೂವು ಉದುರುತ್ತಿದೆ, ತರಕಾರಿಯ ಗೊಡವೆ ಬಿಟ್ಟು ಬರೀ ಹೂಗಿಡ ಬೆಳೆಸಲೇ ಎಂದು ಕೇಳಿದ್ದೀರಿ. ಬಿಡಬೇಡಿ. ರಾತ್ರಿಯ ಉಷ್ಣಾಂಶ ಸುಮಾರು 13 ಡಿಗ್ರಿಗಿಂತ ಕೆಳಗಿಳಿದರೆ ಟೊಮೆಟೊ ಹೂವಿನಲ್ಲಿ ಪರಾಗಸ್ಪರ್ಶ ಸರಿಯಾಗಿ ಆಗದೆ ಕಾಯಿ ಕಟ್ಟುವುದಿಲ್ಲ. ಪುಣೆಯ ಜನವರಿ ರಾತ್ರಿಗಳು 10 ಡಿಗ್ರಿಯ ಆಸುಪಾಸಿಗೆ ಇಳಿಯುವುದು ಮಾಮೂಲು. ಗೊಬ್ಬರ ಸುರಿದು ಪ್ರಯೋಜನವಿಲ್ಲ. ಬಿಸಿಲು ಬೀಳುವ ಗೋಡೆಗೆ ಕುಂಡವನ್ನು ಒತ್ತಿ ಇಡಿ, ಹಗಲು ಕಾದ ಗೋಡೆ ರಾತ್ರಿ ಬಿಸಿ ಬಿಡುತ್ತದೆ.

ಚಳಿಯನ್ನೇ ಬಯಸುವ ಬೆಳೆಗಳು ಬೇರೆ ಇವೆ: ಪಾಲಕ್, ಮೂಲಂಗಿ, ಬಟಾಣಿ. ಮೆಂತ್ಯವಂತೂ ಒಗ್ಗರಣೆ ಡಬ್ಬಿಯ ಕಾಳನ್ನೇ ರಾತ್ರಿ ನೆನೆಸಿ ಬಿತ್ತಿದರೆ ಸಾಕು, ನಾಲ್ಕು ವಾರದೊಳಗೆ ಸೊಪ್ಪು ಕೈಗೆ ಬರುತ್ತದೆ. ಕ್ಯಾರೆಟ್ ಬೀಜವನ್ನು ಅಡಿಯಷ್ಟು ಆಳದ ಕುಂಡಕ್ಕೆ ನೇರವಾಗಿ ಹಾಕಿ. ಸಸಿ ಕಿತ್ತು ನೆಟ್ಟರೆ ಗಡ್ಡೆ ಕವಲೊಡೆಯುತ್ತದೆ. ನೀರು ಬೆಳಿಗ್ಗೆಯೇ ಹಾಕಿ.

ಹೂವಿಗೆ ಪೆಟೂನಿಯಾ, ಫ್ಲಾಕ್ಸ್ ಒಳ್ಳೆಯವು. ಪ್ಯಾನ್ಸಿಯೂ ಬರುತ್ತದೆ, ನನಗದು ಅಷ್ಟಕ್ಕಷ್ಟೆ. ಸೇವಂತಿಗೆ ಹಗಲು ಕಿರಿದಾದಾಗ ಮೊಗ್ಗು ಬಿಡುವ ಗಿಡ. ರಾತ್ರಿಯಿಡೀ ಬಾಲ್ಕನಿಯ ದೀಪ ಉರಿಸಿದರೆ ಮೊಗ್ಗು ತಡವಾಗುತ್ತದೆ.