ಹೇಮಕುಂಡ: ಆರೇ ಕಿಲೋಮೀಟರ್ ಅಂತ ಸಸಾರ ಬೇಡ

ಪ್ರಶ್ನೆ: ಆಗಸ್ಟ್‌ನಲ್ಲಿ ಉತ್ತರಾಖಂಡದ ಹೇಮಕುಂಡ ಸರೋವರಕ್ಕೆ ಹೊರಟಿದ್ದೇವೆ. ಮುಳ್ಳಯ್ಯನಗಿರಿ ಸಲೀಸಾಗಿ ಹತ್ತಿದವರು ನಾವು. ಘಾಂಘರಿಯಾದಿಂದ ಆರೇ ಕಿ.ಮೀ. ಅಂತೆ, ಅಷ್ಟೇನು ಕಷ್ಟ?

ಉತ್ತರ: ಕಷ್ಟ ದೂರದ್ದಲ್ಲ, ಎತ್ತರದ್ದು. ಮುಳ್ಳಯ್ಯನಗಿರಿಯ ತುದಿ 2,000 ಮೀಟರ್ ಮುಟ್ಟುವುದಿಲ್ಲ. ಘಾಂಘರಿಯಾದಲ್ಲಿ ನೀವು ಮಲಗುವುದೇ 3,000 ಮೀಟರ್ ಮೇಲೆ. ಅಲ್ಲಿಂದ ಇನ್ನೂ ಸಾವಿರದ ಇನ್ನೂರು ಮೀಟರಿನಷ್ಟು ಏರಬೇಕು. ಹಾಗಾಗಿ ತಲುಪಿದ ಮರುದಿನವೇ ಹತ್ತಬೇಡಿ. ಆ ದಿನ ಹೂಗಳ ಕಣಿವೆ ನೋಡಿ ಬನ್ನಿ, ದೇಹ ಒಗ್ಗಿಕೊಳ್ಳುತ್ತದೆ.

ಬೆಳಿಗ್ಗೆ ಐದಕ್ಕೇ ಹೊರಡಿ. ಮೇಲೆ ರಾತ್ರಿ ತಂಗಲು ಬಿಡುವುದಿಲ್ಲ, ಮಧ್ಯಾಹ್ನದ ಹೊತ್ತಿಗೆ ಇಳಿಯಲೇಬೇಕು. ಜೊತೆಯವರೊಡನೆ ಒಂದು ವಾಕ್ಯ ಮಾತಾಡಲು ಉಸಿರು ಸಾಲದಿದ್ದರೆ ನಡಿಗೆ ಜೋರಾಯಿತು ಎಂದೇ ಅರ್ಥ. ಕೊನೆಯಲ್ಲಿ ಮೆಟ್ಟಿಲುಗಳ ಅಡ್ಡದಾರಿ ಕಾಣುತ್ತದೆ. ಬಹಳ ಜನ ಸೋಲುವುದು ಅಲ್ಲೇ. ಸುತ್ತಿನ ದಾರಿಯೇ ಮೇಲು. ಹೇಸರಗತ್ತೆ ಬಂದರೆ ಬೆಟ್ಟದ ಕಡೆಗೆ ಸರಿಯಿರಿ, ಕಣಿವೆ ಕಡೆಗಲ್ಲ.

ಜೀನ್ಸ್ ಬೇಡ, ನೆನೆದರೆ ಒಣಗದು. ತಲೆನೋವಿನ ಜೊತೆ ವಾಂತಿ, ತೂರಾಟ ಶುರುವಾದರೆ ಸರೋವರ ಕಣ್ಣೆದುರೇ ಇದ್ದರೂ ಇಳಿಯಿರಿ. ಮಾತ್ರೆ ನುಂಗಿ ಮುಂದುವರಿಯುವುದು ಹುಚ್ಚುತನ. ಎತ್ತರದ ಕಾಯಿಲೆ ತಡೆಯಲು ಕೊಡುವ ಡೈಮಾಕ್ಸ್ ಮಾತ್ರೆ ಬೇಕೇ ಎಂಬುದನ್ನು ಊರು ಬಿಡುವ ಮೊದಲೇ ವೈದ್ಯರಲ್ಲಿ ಕೇಳಿಕೊಳ್ಳಿ.