ಸಾಕ್ಷಿಗಳು ಬರದೆ ಕೇಸು ಎಳೆಯುತ್ತಿದ್ದರೆ ಜೈಲಿನಲ್ಲಿರುವವನಿಗೆ ಏನು ದಾರಿ?

ಮೊಬೈಲ್ ಕಳವು ಕೇಸಿನಲ್ಲಿ ತಮ್ಮ ಎಂಟು ತಿಂಗಳಿಂದ ಒಳಗಿದ್ದಾನೆ, ಸಾಕ್ಷಿ ವಿಚಾರಣೆಗೆ ದಿನಾಂಕ ಕೊಟ್ಟು ಮೂರು ತಿಂಗಳಾದರೂ ಒಬ್ಬರೂ ಬಂದಿಲ್ಲ, ಕೇಸು ವಜಾ ಆಗುತ್ತದಾ ಅಂತ ಕೇಳಿದ್ದೀರಿ. ನಾನು ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಇಂಥ ಕೇಸು ನಡೆಸುವ ವಕೀಲ.

ತಾನಾಗಿ ವಜಾ ಆಗುವುದಿಲ್ಲ. ಬೇಗ ವಿಚಾರಣೆ ಆಗಬೇಕಾದ್ದು ಸಂವಿಧಾನದ 21ನೇ ವಿಧಿಯ (ಜೀವ ಮತ್ತು ಸ್ವಾತಂತ್ರ್ಯದ) ಹಕ್ಕು ಅಂತ ಸುಪ್ರೀಂ ಕೋರ್ಟ್ 1979ರಲ್ಲೇ ಬಿಹಾರದ ಹುಸ್ಸೇನಾರಾ ಖಾತೂನ್ ಪ್ರಕರಣದಲ್ಲಿ ಹೇಳಿದೆ. ಆದರೆ ಇಷ್ಟು ವರ್ಷ ದಾಟಿದರೆ ಕೇಸು ಮುಗಿಯಿತು ಅಂತ ಗಡುವು ಹಾಕಲಾಗದು ಎಂದು 2002ರಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಅದು ನಮ್ಮ ಕರ್ನಾಟಕದಿಂದಲೇ ಹೋದ ಪಿ. ರಾಮಚಂದ್ರ ರಾವ್ ಪ್ರಕರಣ. ತಡ ಯಾರಿಂದ ಆಯಿತು ಅನ್ನುವುದೇ ಮುಖ್ಯ.

ಹಾಗಾಗಿ ಮೊದಲು ಆರ್ಡರ್ ಶೀಟಿನ, ಅಂದರೆ ಪ್ರತಿ ದಿನಾಂಕದಂದು ಕೋರ್ಟಿನಲ್ಲಿ ನಡೆದದ್ದನ್ನು ಬರೆದಿಡುವ ಹಾಳೆಯ, ಸರ್ಟಿಫೈಡ್ ಕಾಪಿ ತೆಗೆಸಿ. ಸಮನ್ಸ್ ತಲುಪಿಯೂ ಸಾಕ್ಷಿ ಬರಲಿಲ್ಲವೋ, ಸಮನ್ಸೇ ಜಾರಿಯಾಗದೆ ವಾಪಸ್ ಬಂತೋ, ನಿಮ್ಮ ವಕೀಲರೇ ವಾಯಿದೆ ಕೇಳಿದರೋ, ಎಲ್ಲ ಅದರಲ್ಲಿರುತ್ತದೆ. ಬೆಂಗಾವಲು ಪೊಲೀಸರಿಲ್ಲ ಅಂತ ತಮ್ಮನನ್ನು ಜೈಲಿನಿಂದ ಕರೆತರದ ದಿನವೂ ಇರಬಹುದು. ಅದು ಅವನ ತಪ್ಪಲ್ಲ. ಸಮನ್ಸ್ ತಲುಪಿಯೂ ಬಾರದವರಿಗೆ ವಾರೆಂಟ್ ಕಳಿಸಿ ಅಂತ ಅರ್ಜಿ ಹಾಕಿಸಿ. ಕೇಸು ಹಾಕಿದ ಪೊಲೀಸರೇ ಸಾಕ್ಷಿಗೆ ಬರದಿದ್ದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಒಳಗೆ ಕೊಳೆಯುವವನು ಅವರಲ್ಲ, ಅಲ್ವಾ? ಸಾಕಷ್ಟು ಅವಕಾಶ ಕೊಟ್ಟರೂ ಕರೆತರದಿದ್ದರೆ ಪ್ರಾಸಿಕ್ಯೂಷನ್ (ಸರ್ಕಾರದ ಕಡೆಯ) ಸಾಕ್ಷ್ಯ ಮುಕ್ತಾಯ ಮಾಡಿ ಅಂತ ಕೇಳಬಹುದು.

ಈಗ ತುರ್ತಾಗಿ ಬೇಕಾದ್ದು ಜಾಮೀನು. ಮ್ಯಾಜಿಸ್ಟ್ರೇಟ್ ನಡೆಸುವ ಜಾಮೀನುರಹಿತ (ಜಾಮೀನು ಹಕ್ಕಾಗಿ ಸಿಗದ) ಕೇಸಿನಲ್ಲಿ ಸಾಕ್ಷ್ಯಕ್ಕೆ ಇಟ್ಟ ಮೊದಲ ದಿನದಿಂದ 60 ದಿನದೊಳಗೆ ವಿಚಾರಣೆ ಮುಗಿಯದಿದ್ದರೆ, ಅಷ್ಟೂ ದಿನ ಆರೋಪಿ ಒಳಗಿದ್ದರೆ, ಜಾಮೀನು ಕೊಡಬೇಕು. ಇದು ಬಿಎನ್‌ಎಸ್‌ಎಸ್, ಅಂದರೆ ಹಳೆಯ ಸಿಆರ್‌ಪಿಸಿ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 480(6). ಕೊಡದಿದ್ದರೆ ಕಾರಣ ಬರೆಯಬೇಕು. ನಿಮ್ಮ ತಮ್ಮನಿಗೆ 60 ದಿನ ದಾಟಿದೆ, ನಾಳೆಯೇ ಅರ್ಜಿ ಹಾಕಿಸಿ.

ಇದು ಆಗದಿದ್ದರೆ ಅದೇ ಕಾನೂನಿನ 479ನೇ ಸೆಕ್ಷನ್ ಇದೆ. ಹಿಂದೆ ಯಾವ ಕೇಸಿನಲ್ಲೂ ಶಿಕ್ಷೆ ಆಗಿರದವನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದರೆ ಬಿಡಬೇಕು. ಸಾಮಾನ್ಯ ಕಳವಿಗೆ ಗರಿಷ್ಠ ಮೂರು ವರ್ಷ, ಅಂದರೆ ಒಂದು ವರ್ಷ. ಆದರೆ ಅವನ ಮೇಲೆ ಬೇರೆ ಕೇಸೂ ಬಾಕಿ ಇದ್ದರೆ ಇದು ಸಿಗುವುದಿಲ್ಲ.

ವಕೀಲರಿಗೆ ದುಡ್ಡಿಲ್ಲದಿದ್ದರೆ 15100ಕ್ಕೆ ಫೋನ್ ಮಾಡಿ. ಜೈಲಿನಲ್ಲಿರುವವರಿಗೆ ಕಾನೂನು ಸೇವಾ ಪ್ರಾಧಿಕಾರದ ವಕೀಲರು ಪುಕ್ಕಟೆ, ಆದಾಯ ಕೇಳುವುದಿಲ್ಲ.