ಮಡಿಕೇರಿ ಹತ್ತಿರ ಮನೆ ಕೊಂಡು ಹೋಮ್‌ಸ್ಟೇಗೆ ಬಿಡುತ್ತೇನೆ, ಬ್ಯಾಂಕ್ ಮಾಡಿಸಿದ ಇನ್ಶೂರೆನ್ಸ್ ಒಂದೇ ಸಾಕಾ?

ಸಾಕಾಗುವುದಿಲ್ಲ. ನಾನೂ ಸುಂಟಿಕೊಪ್ಪ ಕಡೆ ಹೋಮ್‌ಸ್ಟೇ ನಡೆಸುತ್ತೇನೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಸಾಲ ಕೊಡುವಾಗ ಬ್ಯಾಂಕಿನವರು ಮಾಡಿಸುವುದು ಹೆಚ್ಚಾಗಿ ಕಟ್ಟಡದ ಪಾಲಿಸಿ. ಈಗ ಅದು ಸಾಮಾನ್ಯವಾಗಿ 2021ರಲ್ಲಿ ಬಂದ ಭಾರತ್ ಗೃಹ ರಕ್ಷಾ. ಬೆಂಕಿ, ಪ್ರವಾಹ, ಭೂಕುಸಿತ ಎಲ್ಲ ಅದರಲ್ಲಿ ಸೇರಿದೆ, ಒಳ್ಳೆಯದೇ. ಆದರೆ ಅದು ವಾಸದ ಮನೆಗೆ ಇರುವ ಪಾಲಿಸಿ. ನೀವು ಪೂರ್ತಿ ಮನೆಯನ್ನು ಅತಿಥಿಗಳಿಗೆ ಬಿಟ್ಟು ದುಡಿಯುತ್ತೀರಿ ಅಂತಾದರೆ ಅದನ್ನು ಕಂಪನಿಗೆ ಬರೆದು ತಿಳಿಸಿ, ವ್ಯವಹಾರದ ಪಾಲಿಸಿ ತೆಗೆದುಕೊಳ್ಳಿ. 5 ಕೋಟಿವರೆಗಿನ ಆಸ್ತಿಗೆ ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ ಅಂತ ಇದೆ. ಮುಚ್ಚಿಟ್ಟರೆ ಕ್ಲೇಮ್ ಹೊತ್ತಿಗೆ ಜಗಳ ಖಂಡಿತ.

ನಮ್ಮ ಕಡೆ ಎಲ್ಲಕ್ಕಿಂತ ಮುಖ್ಯ ಬರೆ, ಅಂದರೆ ಗುಡ್ಡ ಕಡಿದಾಗ ಉಳಿಯುವ ಕಡಿದಾದ ಮಣ್ಣಿನ ಗೋಡೆ. ಮನೆ ಹಿಂದೆ ಜೆಸಿಬಿ ತಂದು ಗುಡ್ಡ ಕಡಿದು, ಆ ಮಣ್ಣನ್ನೇ ಮುಂದೆ ತುಂಬಿಸಿ ಪಾರ್ಕಿಂಗ್ ಮಾಡಿರುವ ಜಾಗಗಳು ಬೇಕಾದಷ್ಟಿವೆ. ಗೃಹ ರಕ್ಷಾದ ಷರತ್ತು ಓದಿ ನೋಡಿ: ಅಗೆತದಿಂದ, ಕಟ್ಟಡ ಕೆಲಸದಿಂದ, ತುಂಬಿಸಿದ ಮಣ್ಣು ಜರುಗಿ ಆದ ಹಾನಿಗೆ ಹಣ ಕೊಡುವುದಿಲ್ಲ. ಇನ್ನೊಂದು, 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡವೇ ಜಾರಿ ಬಂತಲ್ವಾ, ಅಂಥದ್ದು ಆದರೆ ಪಾಲಿಸಿ ಕೊಡುವುದು ಮನೆ ಮತ್ತೆ ಕಟ್ಟುವಂಥ ಖರ್ಚಿಗೆ, ಹೋದ ಜಾಗಕ್ಕೆ ಏನೂ ಇಲ್ಲ. ಹಾಗಾಗಿ ದುಡ್ಡು ಕೊಡುವ ಮೊದಲು ಒಂದು ಜೋರು ಮಳೆಯಲ್ಲಿ ಹೋಗಿ ಬರೆ ನೋಡಿ, ನೀರು ಎಲ್ಲಿಂದ ಇಳಿಯುತ್ತೆ ಅಂತ ಪಕ್ಕದ ತೋಟದವರನ್ನು ಕೇಳಿ.

ಇನ್ನು ಅತಿಥಿಗೆ ಏನಾದರೂ ಆದರೆ? ಇದನ್ನು ಕಟ್ಟಡದ ಪಾಲಿಸಿ ಮುಟ್ಟುವುದೇ ಇಲ್ಲ. ಇದಕ್ಕೆ ಪಬ್ಲಿಕ್ ಲಯಬಿಲಿಟಿ ಪಾಲಿಸಿ, ಅಂದರೆ ಹೊರಗಿನವರಿಗೆ ನೀವು ಕೊಡಬೇಕಾಗಿ ಬರುವ ಪರಿಹಾರಕ್ಕೆ ಇರುವ ಪಾಲಿಸಿ, ಬೇರೆಯಾಗಿ ಬೇಕು. ನನಗೆ ಜಾಸ್ತಿ ಭಯ ಗ್ಯಾಸ್ ಗೀಸರ್‌ದು. ಚಳಿ ಅಂತ ಕಿಟಕಿ ಮುಚ್ಚಿ ಸ್ನಾನಕ್ಕೆ ಹೋಗುತ್ತಾರೆ, ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಕೂಗುವ ಮೊದಲೇ ಪ್ರಜ್ಞೆ ತಪ್ಪಿಹೋಗಿರುತ್ತದೆ. ದಯವಿಟ್ಟು ಗೀಸರ್ ಬಾತ್‌ರೂಮ್ ಹೊರಗೆ, ಗಾಳಿ ಆಡುವ ಕಡೆ ಹಾಕಿಸಿ. ಜೀವಕ್ಕಿಂತ ಪಾಲಿಸಿ ದೊಡ್ಡದಲ್ಲ. ‘ನಿಮ್ಮ ಜವಾಬ್ದಾರಿ ನಿಮ್ಮದೇ’ ಅಂತ ಬೋರ್ಡ್ ಹಾಕಿದರೆ ನಿಮ್ಮ ನಿರ್ಲಕ್ಷ್ಯ ಮಾಫಿ ಆಗುವುದಿಲ್ಲ. 2019ರ ಗ್ರಾಹಕ ಕಾಯ್ದೆ ಪ್ರಕಾರ ಅತಿಥಿ ತನ್ನ ಊರಲ್ಲೇ ದೂರು ಕೊಡಬಹುದು, ಹೈದರಾಬಾದಿನವರಾದರೆ ಕೇಸು ಹೈದರಾಬಾದಿನಲ್ಲೇ ನಡೆಯಬಹುದು. ಈಜುಕೊಳ, ಕ್ಯಾಂಪ್‌ಫೈರ್ ಇದ್ದರೆ ಒಂದೊಂದನ್ನೂ ಹೆಸರು ಹೇಳಿ ಪಾಲಿಸಿಯಲ್ಲಿ ಬರೆಸಿ. ಪ್ರವಾಸೋದ್ಯಮ ಇಲಾಖೆಯ ನೋಂದಣಿಯೂ ಇರಲಿ.

ಮನೆ ಜೊತೆ ತೋಟ ಬಂದರೆ ಕೆಲಸದವರದ್ದೂ ನೋಡಬೇಕು. ಏಣಿ ಹತ್ತಿ ಮೆಣಸು ಕುಯ್ಯುವಾಗ ಬಿದ್ದರೆ ಕಾನೂನು ಪ್ರಕಾರ (ಮೊದಲು 1923ರ ಕಾಯ್ದೆ, 2025ರ ನವೆಂಬರ್‌ನಿಂದ ಸಾಮಾಜಿಕ ಭದ್ರತಾ ಸಂಹಿತೆ) ಪರಿಹಾರ ಕೊಡುವ ಹೊಣೆ ಮಾಲೀಕರದ್ದೇ, ಅವರ ಮನೆಯವರಿಗೆ ಆಸರೆ ಅದೇ. ಅದಕ್ಕೂ ಬೇರೆ ಪಾಲಿಸಿ ಸಿಗುತ್ತದೆ, ಮಾಡಿಸಿ.

ಕೊನೆಗೆ, ಏಜೆಂಟ್ ಬಾಯಲ್ಲಿ ‘ಎಲ್ಲ ಕವರ್ ಆಗುತ್ತೆ ಸರ್’ ಅಂದರೆ ಸುಮ್ನೆ ತಲೆ ಆಡಿಸಬೇಡಿ, ಮೇಲ್‌ನಲ್ಲಿ ಉತ್ತರ ಕೇಳಿ. ಪ್ರತಿ ವರ್ಷ ಮೇ ತಿಂಗಳಲ್ಲಿ ಗೋಡೆ, ಬರೆ, ತಡೆಗೋಡೆ, ಚರಂಡಿಯ ಫೋಟೋ ತೆಗೆದು ದಿನಾಂಕ ಸಮೇತ ಇಟ್ಟುಕೊಳ್ಳಿ. ಬಿರುಕು ಮೊದಲೇ ಇತ್ತು ಅಂತ ಹಾನಿ ನೋಡಲು ಬರುವ ಇನ್ಶೂರೆನ್ಸ್ ಸರ್ವೇಯರ್ ಹೇಳಿದರೆ ತೋರಿಸಲು ನಿಮ್ಮ ಕೈಯಲ್ಲಿ ಏನಾದರೂ ಇರಬೇಕಲ್ಲ.